ಗೀಸರ್, ಸೋಲಾರ್ ಹೀಟರುಗಳಲ್ಲಿ ಸುಣ್ಣದ ಪದರ: ತಡೆ ಮತ್ತು ನಿವಾರಣೆ

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ ಮೇಲೆ ಸುತ್ತಲ ರಾಗಿ ಹೊಲಗಳ ಸ್ವರೂಪವೇ ಬದಲಾಯಿತು. ಜಮೀನಿನಲ್ಲಿ ಬಾಡಿಗೆ ಮನೆ ಕಟ್ಟಿಸಿದ ರೈತರೂ, ಹಾಲಿನ ಪಾತ್ರೆಗಳನ್ನು ಬಿಸಿನೀರಿನಲ್ಲಿ ತೊಳೆಯುವ ಹೈನುಗಾರರೂ ಇಂದು ಗೀಸರನ್ನೋ ಸೋಲಾರ್ ಹೀಟರನ್ನೋ ಬಳಸುತ್ತಾರೆ. ಇವುಗಳಿಗೆ ತುಂಬುವುದು ಹೆಚ್ಚಾಗಿ ಕೊಳವೆ ಬಾವಿಯ ಗಡಸು ನೀರು. ಕಾಯಿಲ್ ಬೇಗ ಸುಟ್ಟುಹೋಯಿತೆಂದು ಕಂಪನಿಯನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಿ ನೋಡುವುದು ಮೇಲು.

ಮಳೆನೀರು ಮಣ್ಣು, ಬಂಡೆಗಳ ಮೂಲಕ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಉಳಿದ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪದರವಾಗಿ ಅಂಟುತ್ತದೆ. ಸಕ್ಕರೆಯಂತೆ ಇದು ಬಿಸಿನೀರಿನಲ್ಲಿ ಹೆಚ್ಚು ಕರಗುವ ವಸ್ತುವಲ್ಲ, ಕಾದಷ್ಟೂ ಬೇರ್ಪಡುತ್ತದೆ. ಆದ್ದರಿಂದ ಅತಿ ಬಿಸಿಯಾದ ಕಾಯಿಲಿನ ಮೇಲೆಯೇ ಪದರ ಮೊದಲು ಕಟ್ಟುತ್ತದೆ. ಪದರವು ಶಾಖವನ್ನು ತಡೆಯುವುದರಿಂದ ಕಾಯಿಲ್ ಒಳಗೊಳಗೇ ಕಾದು ಸುಡುತ್ತದೆ.

ಲೆಕ್ಕ ಹಾಕಿ ನೋಡೋಣ. ಲೀಟರಿಗೆ 300 ಮಿ.ಗ್ರಾಂ ತಾತ್ಕಾಲಿಕ ಗಡಸುತನವಿರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ, ವರ್ಷಕ್ಕೆ ಸುಮಾರು 11 ಕಿಲೋ ಸುಣ್ಣದಂಶ ಟ್ಯಾಂಕಿನ ಮೂಲಕ ಹಾದುಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ನಿಂತರೂ ಒಂದು ಕಿಲೋಗೂ ಮೀರಿತು! ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿ.ಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಮ್ಮತಿಯಿದೆ. ಕುಡಿಯಲು ಸಮ್ಮತವಾದ ನೀರೆಲ್ಲ ಗೀಸರಿಗೆ ಒಗ್ಗುವುದಿಲ್ಲ ಎಂಬುದನ್ನು ಗಮನಿಸಬೇಕು.

ತಡೆಯುವ ಅಗ್ಗದ ಉಪಾಯವೆಂದರೆ ಶಾಖವನ್ನು ಮಿತಿಯಲ್ಲಿಡುವುದು. ಗೀಸರನ್ನು 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ಹೊಂದಿಸಿ. ತೀರ ಇಳಿಸಿದರೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯಬಹುದು. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಸೋಲಾರ್ ಫಲಕವನ್ನು ಮುಚ್ಚಿ ಹೋಗಿ. ಚಾವಣಿಯ ಮಳೆನೀರಿನಲ್ಲಿ ಗಡಸುತನ ಬಹಳ ಕಡಿಮೆ. ಸಮಪಾಲು ಬೆರೆಸಿದರೆ ಗಡಸುತನ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೊಸದಾಗಿ ಸೋಲಾರ್ ಕೊಳ್ಳುವವರು ನೀರು ಬಹಳ ಗಡಸಾಗಿದ್ದರೆ, ಸಣ್ಣ ತಾಮ್ರದ ಕೊಳವೆಗಳಲ್ಲಿ ಬಳಕೆಯ ನೀರೇ ಹರಿಯುವ ಫಲಕವನ್ನು ಆರಿಸಬಾರದು. ಶಾಖ ವಿನಿಮಯಕವಿರುವುದನ್ನು ಕೇಳಿ ಪಡೆಯಿರಿ.

ಈಗಾಗಲೇ ಕಟ್ಟಿದ ಪದರಕ್ಕೆ ಹುಳಿಯೇ ಮದ್ದು. ವಿದ್ಯುತ್ ಕಡಿದು, ನೀರು ಆರಿದ ಮೇಲೆ ಕಾಯಿಲನ್ನು ಎಲೆಕ್ಟ್ರಿಷಿಯನ್ನರಿಂದ ಬಿಚ್ಚಿಸಿ. ಹತ್ತು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಮ್ಲ ಕರಗಿಸಿ, ತಂತಿ ಜೋಡಿಸುವ ತುದಿ ನೆನೆಯದಂತೆ ಕಾಯಿಲನ್ನು ಅದ್ದಿಡಿ. ನೊರೆ ಏಳುವುದು ಸುಣ್ಣ ಕರಗುತ್ತಿರುವುದರ ಗುರುತು. ನೊರೆ ನಿಂತೂ ಪದರ ಉಳಿದಿದ್ದರೆ ದ್ರಾವಣ ಬದಲಿಸಬೇಕು. ಸುತ್ತಿಗೆಯಿಂದ ಕುಟ್ಟಿ ಉದುರಿಸುವುದು ಬೇಡ. ಕಕ್ಕಸು ತೊಳೆಯುವ ಆಸಿಡ್ಡನ್ನಂತೂ ಸುರಿಯಲೇಬಾರದು: ಅದು ಸ್ಟೀಲ್ ಟ್ಯಾಂಕಿಗೆ ತೂತು ಕೊರೆಯುತ್ತದೆ, ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ವಿಷಾನಿಲ ಹೊರಡುತ್ತದೆ. ಸೋಲಾರ್ ಕೊಳವೆಗಳ ಶುದ್ಧಿಯನ್ನು ಕಂಪನಿಯ ಕೆಲಸಗಾರರಿಗೇ ಬಿಡುವುದು ಕ್ಷೇಮ.

ಬಾಡಿಗೆ ಮನೆಗಳಿಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದವರಿಗೆ ಇನ್ನೊಂದು ಮಾತು. ಈ ಯಂತ್ರವು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಗೀಸರಿಗೆ ವೈರಿಯಾದ ಕ್ಯಾಲ್ಸಿಯಂ ಮಣ್ಣಿಗೆ ಮಿತ್ರ. ಚೌಳು ಭೂಮಿಗೆ ಜಿಪ್ಸಂ ಹಾಕುವುದು ಅದಕ್ಕಾಗಿಯೇ. ಸೋಡಿಯಂ ಹೆಚ್ಚಿದ ಮಣ್ಣು ಹೆಪ್ಪುಗಟ್ಟಿ, ನೀರು ಇಂಗದಂತಾಗುತ್ತದೆ. ಆದ್ದರಿಂದ ಮೆದು ನೀರನ್ನು ಸ್ನಾನದ ಮನೆಗಷ್ಟೇ ಹರಿಸಿ, ತೋಟದ ನಲ್ಲಿಯನ್ನು ಯಂತ್ರಕ್ಕಿಂತ ಮುಂಚೆಯೇ ಕವಲೊಡೆಸಿ. ಯಂತ್ರ ತೊಳೆದ ಉಪ್ಪುನೀರನ್ನು ತೆಂಗಿನ ಪಾತಿಗಾಗಲಿ, ಸೊಪ್ಪಿನ ಮಡಿಗಾಗಲಿ ಬಿಡಬೇಡಿ.