ಮಡಿಲಿಗೆ ಮಗು: ಅಡ್ಡದಾರಿ ಬೇಡ

‘ಪರಿಚಯದ ನರ್ಸಿಂಗ್ ಹೋಂನಲ್ಲಿ ಒಂದು ಮಗು ಇದೆಯಂತೆ, ಸುಮ್ಮನೆ ತಗೊಂಡ್ಬಿಡಿ’ ಅಂತ ಯಾರಾದರೂ ಪಿಸುಗುಟ್ಟಿದರೆ ಕಿವಿಗೊಡಬೇಡಿ. ನೆಂಟರ ಮಗುವಿನ ವಿಚಾರ ಬೇರೆ. ಅನಾಥ ಕೂಸನ್ನು ಹೀಗೆ ಕೈಯಿಂದ ಕೈಗೆ ಪಡೆಯೋದು ಅಪರಾಧ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಎದೆಗೊತ್ತಿ ಬೆಳೆಸಿದ ಮಗುವನ್ನು ಒಂದು ದಿನ ಅಧಿಕಾರಿಗಳು ಕರೆದೊಯ್ಯಬಹುದು.

ಸರಿದಾರಿ ಏನು ಅಂತೀರಾ? ಕೇಂದ್ರದ ದತ್ತು ಪ್ರಾಧಿಕಾರ ‘ಕಾರಾ’ದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ. ದಂಪತಿಗೆ ಮದುವೆಯಾಗಿ ಎರಡು ವರ್ಷ ಆಗಿರಬೇಕು. ಒಂಟಿ ಮಹಿಳೆಯೂ ಅರ್ಜಿ ಹಾಕಬಹುದು. ಆದೇಶಕ್ಕೆ ಕೋರ್ಟು ಅಲೆಯಬೇಕಿಲ್ಲ. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ.

ಕಷ್ಟ ಇರೋದು ಕಾಯುವುದರಲ್ಲಿ. ಎಲ್ಲರಿಗೂ ಹಸುಗೂಸೇ ಬೇಕಲ್ಲ! ಮೂರು ವರ್ಷ ಕಾದರೂ ಫೋನ್ ಬಾರದಿರಬಹುದು. ನೋಂದಣಿ ತಡ ಮಾಡಬೇಡಿ. ಗಂಡ-ಹೆಂಡತಿ ವಯಸ್ಸು ಕೂಡಿಸಿ 85 ದಾಟಿದರೆ ಎರಡು ವರ್ಷದೊಳಗಿನ ಮಗು ಸಿಗದು.

ಇತ್ತ ಏಳೆಂಟು ವರ್ಷದ ಮಕ್ಕಳು ಬಾಲಮಂದಿರದಲ್ಲಿ ಬಾಗಿಲು ನೋಡುತ್ತಾ ಕೂತಿರುತ್ತಾರೆ. ಅಂಥ ಮಗುವನ್ನು ಮೊದಲು ಎರಡು ವರ್ಷ ಮನೆಯಲ್ಲಿಟ್ಟು ಸಾಕಿ, ಹೊಂದಿಕೆಯಾದರೆ ದತ್ತು ಕೇಳುವ ಅವಕಾಶ 2024ರ ಮಾರ್ಗಸೂಚಿಯಲ್ಲಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ನೋಂದಣಿಯಾದ ಮೇಲೆ ಸಮಾಜ ಕಾರ್ಯಕರ್ತೆ ಮನೆ ನೋಡಲು ಬರುತ್ತಾರೆ. ಹೊಸ ಕರ್ಟನ್, ಕೇಸರಿಬಾತ್ ಸಡಗರವೆಲ್ಲ ಬೇಡ. ಅತ್ತೆ-ಮಾವನನ್ನೂ ಜೊತೆಗೆ ಕೂರಿಸಿಕೊಳ್ಳಿ. ‘ಯಾರ ರಕ್ತವೋ ಏನೋ’ ಎನ್ನುವ ಅಳುಕು ಅವರಿಗಿದ್ದರೆ ಆ ಹೊತ್ತಿಗೇ ಬಾಯಿಬಿಟ್ಟು ಹೇಳಲಿ, ಮಗು ಬಂದಮೇಲಲ್ಲ.