ಮರುಕಳಿಸಿದ ಗೆಡ್ಡೆಗೆ ಮತ್ತೊಮ್ಮೆ ವಿಕಿರಣ

ಯಡಿಯೂರಿನಿಂದ ಬೆಂಗಳೂರಿಗೆ ಸುಮಾರು 90 ಕಿ.ಮೀ. ಮಿದುಳಿನ ಗೆಡ್ಡೆಗೆ ‘ಕರೆಂಟ್ ಕೊಡಿಸಬೇಕು’, ಅಂದರೆ ವಿಕಿರಣ ಕೊಡಿಸಬೇಕು ಎಂದಾದರೆ ಕುಣಿಗಲ್ ಸೀಮೆಯ ಅನೇಕರು ಹಿಡಿಯುವುದು ಹೊಸೂರು ರಸ್ತೆಯ ದಾರಿ. ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳೆರಡೂ ಇರುವುದು ಅಲ್ಲೇ. ಗ್ಲಿಯೊಬ್ಲಾಸ್ಟೋಮಾದಂಥ ಉಗ್ರ ಗೆಡ್ಡೆಯಾದರೆ ಆಪರೇಷನ್ ಆದ ಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ; ಒಟ್ಟು 60 ಗ್ರೇ (ವಿಕಿರಣದ ಡೋಸಿನ ಅಳತೆ). ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. 2005ರಲ್ಲಿ ರೋಜರ್ ಸ್ಟುಪ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾದಂದಿನಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಕ್ರಮವಿದು.

ಇಷ್ಟೆಲ್ಲ ಮಾಡಿದರೂ ಈ ಗೆಡ್ಡೆ ಮರಳಿ ಬರುತ್ತದೆ. ಹೆಚ್ಚಾಗಿ ಮೊದಲಿದ್ದ ಜಾಗದಲ್ಲೇ, ಇಲ್ಲವೇ ಅದರ ಮಗ್ಗುಲಲ್ಲೇ.

‘ಇನ್ನೊಂದ್ಸಲ ಕರೆಂಟ್ ಕೊಡಬಹುದಾ ಡಾಕ್ಟ್ರೇ?’ ಎಂದು ಮನೆಯವರು ಕೇಳಿದರೆ ಹಿಂದೆಲ್ಲ ‘ಆಗಲ್ಲ’ ಎಂಬ ಉತ್ತರವೇ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಗೆಡ್ಡೆಯ ಸುತ್ತಲಿನ ಆರೋಗ್ಯವಂತ ಮಿದುಳು ಮೊದಲ ಸುತ್ತಿನ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತದೆ, ಆದರೆ ಪೂರ್ತಿಯಲ್ಲ. ಉಳಿದ ಗಾಯದ ಮೇಲೆ ಮತ್ತೆ ವಿಕಿರಣ ಬಿದ್ದರೆ ತಿಂಗಳುಗಳ ನಂತರ ಅಲ್ಲಿನ ಅಂಗಾಂಶ ಸತ್ತು ಊದಿಕೊಳ್ಳಬಹುದು. ತಲೆನೋವು, ಫಿಟ್ಸ್, ಕೈಕಾಲಿನ ಬಲಹೀನತೆ ಕಾಣಿಸಬಹುದು. ಎಂಆರ್‌ಐ ಚಿತ್ರದಲ್ಲಿ ಈ ಊತವೂ ಗೆಡ್ಡೆಯಂತೆಯೇ ಕಾಣುವುದರಿಂದ ನುರಿತ ವೈದ್ಯರಿಗೂ ಗೊಂದಲ ತಪ್ಪಿದ್ದಲ್ಲ.

ಈಗ ಲೆಕ್ಕಾಚಾರ ಬದಲಾಗಿದೆ. ಎರಡನೇ ಸಲ ಇಡೀ ಭಾಗಕ್ಕೆ ಕಿರಣ ಹಾಯಿಸುವುದಿಲ್ಲ. ಕಣ್ಣಿನ ನರ, ಮಿದುಳಿನ ಕಾಂಡ ಇಂಥವನ್ನು ತಪ್ಪಿಸಿ ಸಣ್ಣ ಗುರಿಗಷ್ಟೇ ಕೊಡುತ್ತಾರೆ. ತಲೆ ಒಂದೆರಡು ಮಿಲಿಮೀಟರ್ ಸರಿದರೂ ಗುರಿ ತಪ್ಪುತ್ತದೆ. ಹಾಗಾಗಿ ಪ್ಲಾಸ್ಟಿಕ್ ಜಾಲರಿಯ ಹಾಳೆಯನ್ನು ಬಿಸಿನೀರಿನಲ್ಲಿ ಮೆದುಮಾಡಿ, ಒದ್ದೆಯಾಗಿರುವಾಗಲೇ ಮುಖದ ಮೇಲೆ ಎಳೆದು ಮುಖವಾಡ ಮಾಡುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಮೂಗು, ಗಲ್ಲ, ಹಣೆಯ ಅಚ್ಚು ಹಿಡಿಯುತ್ತದೆ. ಪ್ರತಿದಿನ ಅದನ್ನು ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ತೆಗೆದಾಗ ಕೆನ್ನೆಯ ಮೇಲೆ ಜಾಲರಿಯ ಗುರುತು ಮೂಡಿರುತ್ತದೆ.

ಫಲವೇನು? ಅಮೆರಿಕದ ಆರ್‌ಟಿಒಜಿ 1205 ಅಧ್ಯಯನದಲ್ಲಿ ಗ್ಲಿಯೊಬ್ಲಾಸ್ಟೋಮಾ ಮರುಕಳಿಸಿದವರಿಗೆ ಬೆವಾಸಿಜುಮ್ಯಾಬ್ ಔಷಧಿಯೊಂದಿಗೆ 10 ಸಲದಲ್ಲಿ 35 ಗ್ರೇ ಕೊಟ್ಟು ನೋಡಿದರು. ಆರು ತಿಂಗಳವರೆಗೆ ರೋಗ ಮುಂದುವರಿಯದೆ ಉಳಿದವರು ಶೇ 54. ಔಷಧಿ ಮಾತ್ರ ಪಡೆದವರಲ್ಲಿ ಶೇ 29. ಒಟ್ಟು ಆಯುಸ್ಸು ಮಾತ್ರ ಗಮನಾರ್ಹವಾಗಿ ಹೆಚ್ಚಲಿಲ್ಲ. ಇದನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡುವುದು ವೈದ್ಯರ ಕರ್ತವ್ಯ. ಆದರೆ ಮಾತು, ನಡಿಗೆ ಕೆಡದೆ ಸಿಗುವ ಕೆಲವು ತಿಂಗಳು ಸಣ್ಣ ಲಾಭವೇನಲ್ಲ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಇರಬೇಕಾದ ಹಳ್ಳಿಯ ಕುಟುಂಬಕ್ಕೆ 30ರ ಬದಲು 10 ದಿನದಲ್ಲಿ ಮುಗಿಯುವುದೂ ದೊಡ್ಡ ಉಪಕಾರ.

ಎಲ್ಲರಿಗೂ ಇದು ಹೊಂದುವುದಿಲ್ಲ. ಗೆಡ್ಡೆ ಚಿಕ್ಕದಾಗಿದ್ದು, ರೋಗಿ ಓಡಾಡಿಕೊಂಡಿದ್ದು, ಮೊದಲ ಚಿಕಿತ್ಸೆ ಮುಗಿದು ಕನಿಷ್ಠ ಆರು ತಿಂಗಳಾದರೂ ಕಳೆದಿದ್ದರೆ ವೈದ್ಯರು ಯೋಚಿಸುತ್ತಾರೆ. ಆಗ ಅವರು ಮೊದಲು ಕೇಳುವುದು ಹಳೆಯ ಫೈಲು: ಒಟ್ಟು ಎಷ್ಟು ಗ್ರೇ, ಎಷ್ಟು ಸಲ, ಯಾವ ದಿನ ಮುಗಿಯಿತು, ಕಿರಣ ಎಲ್ಲೆಲ್ಲಿ ಬಿತ್ತು ಎಂಬ ಪ್ಲಾನಿನ ಸಿ.ಡಿ. ಹಳೆಯ ನಕ್ಷೆಯನ್ನು ಹೊಸ ಸ್ಕ್ಯಾನಿನ ಮೇಲೆ ಹೊಂದಿಸಿ, ಯಾವ ಭಾಗಕ್ಕೆ ಇನ್ನೆಷ್ಟು ತಾಳಿಕೆ ಉಳಿದಿದೆ ಎಂದು ಅಳೆಯುತ್ತಾರೆ. ಹಳೆಯ ಫೈಲು ಸಿಗದಿದ್ದರೆ ಅಂದಾಜಿನ ಮೇಲೆ ಹೋಗಬೇಕಾಗುತ್ತದೆ. ಡೋಸು ತಗ್ಗಿಸುತ್ತಾರೆ, ಕೆಲವೊಮ್ಮೆ ಬೇಡವೆಂದೇ ಬಿಡುತ್ತಾರೆ.