ಟ್ಯೂಬ್ ಪ್ಲೇಟಿಗೆ ಯಾವ ಬಿಸಿ?

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೂರು ಡಿಗ್ರಿ ದಾಟಿ ಕುದಿಯುತ್ತದೆ. ಆ ಬಿಸಿಗೆ ಬರುವ ಕೆಂಬಣ್ಣ ಬೆಲ್ಲಕ್ಕೆ ಒಪ್ಪುತ್ತದೆ. ಬಿಳಿ ಸಕ್ಕರೆಗೆ ಅದು ಕೂಡದು. 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್, ಮುಚ್ಚಿದ ಪಾತ್ರೆಯ ಗಾಳಿ ಎಳೆದು ಕಡಿಮೆ ಬಿಸಿಯಲ್ಲೇ ಪಾಕ ಕುದಿಸುವ ವ್ಯಾಕ್ಯೂಮ್ ಪ್ಯಾನಿಗೆ ಪೇಟೆಂಟ್ ಪಡೆದ. ಒಂದು ಪಾತ್ರೆಯ ಆವಿಯಿಂದಲೇ ಮುಂದಿನದನ್ನು ಕಾಯಿಸುವ ಉಪಾಯಕ್ಕೆ 1843ರಲ್ಲಿ ಪೇಟೆಂಟ್ ಪಡೆದವನು ನ್ಯೂ ಆರ್ಲಿಯನ್ಸ್‌ನ ನಾರ್ಬರ್ಟ್ ರಿಲ್ಲಿಯೂ. 1933ರಲ್ಲಿ ಹುಟ್ಟಿದ ಮಂಡ್ಯದ ಮೈಶುಗರ್ ಕಾರ್ಖಾನೆ ಕೂಡ ಇದೇ ವಂಶದ್ದು.

ಈ ಪಾತ್ರೆಗಳ ಹೊಟ್ಟೆಯೊಳಗೆ ಕ್ಯಾಲೆಂಡ್ರಿಯಾ ಎಂಬ ಕೊಳವೆಗಳ ಕಟ್ಟು. ಕೊಳವೆಯೊಳಗೆ ರಸ, ಹೊರಗೆ ಆವಿ. ಕೊಳವೆಗಳ ಎರಡೂ ತುದಿಯನ್ನು ಹಿಡಿದಿರುವುದು ಟ್ಯೂಬ್ ಪ್ಲೇಟ್. ಅದನ್ನು ಬಹುಕಾಲ ಬರಿಯ ತಟ್ಟೆಯೆಂದೇ ಲೆಕ್ಕ ಹಾಕುತ್ತಿದ್ದರು. ಕೊಳವೆಗಳೂ ಸ್ಪ್ರಿಂಗಿನ ಹಾಗೆ ತಟ್ಟೆಯನ್ನು ಹೊರುತ್ತವೆ ಎಂದು 1948ರಲ್ಲಿ ಲೆಕ್ಕ ಕಟ್ಟಿ ತೋರಿಸಿದವನು ಅಮೆರಿಕದ ಕಾರ್ಲ್ ಗಾರ್ಡ್‌ನರ್. 1952ರಲ್ಲಿ ಎರಡೂ ತುದಿ ಬಿಗಿದ ವಿನ್ಯಾಸವನ್ನೂ ಕೈಗೆತ್ತಿಕೊಂಡ. ಅಂಥ ಕಡೆ ಲೋಹ ಎಷ್ಟು ಹಿಗ್ಗುತ್ತದೆ ಎನ್ನುವುದೇ ದೊಡ್ಡ ತಕರಾರು.

ಎರಡು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆ, ಸುತ್ತ ಮಾಮೂಲಿ ಉಕ್ಕಿನ ಹೊರಕವಚ, ಅಂದರೆ ಶೆಲ್, ಎಂದಿಟ್ಟುಕೊಳ್ಳಿ. ಜೋಡಿಸಿದಾಗ 30 ಡಿಗ್ರಿ. ಕೆಲಸ ಶುರುವಾದ ಮೇಲೆ ಶೆಲ್ 85ಕ್ಕೆ ಏರುತ್ತದೆ. ಒಳಗೆ ನಿರ್ವಾತದಲ್ಲಿ ರಸ ಕುದಿಯುವುದರಿಂದ ಕೊಳವೆ ಸುಮಾರು 75ರಲ್ಲೇ ನಿಲ್ಲುತ್ತದೆ. ಶೆಲ್ 1.3 ಮಿಲಿಮೀಟರ್ ಹಿಗ್ಗಿದರೆ ಕೊಳವೆ 1.5. ತಣ್ಣಗಿರುವುದೇ ಹೆಚ್ಚು ಉದ್ದವಾಯಿತು! ಈ ಎಳೆದಾಟವೆಲ್ಲ ತಟ್ಟೆಯ ಮೇಲೆ.

ಹೀಗಾಗಿ ‘ಇರೋದ್ರಲ್ಲಿ ದೊಡ್ಡ ಟೆಂಪರೇಚರ್ ಹಾಕಿಬಿಡಿ, ಸೇಫ್’ ಎನ್ನುವ ಡ್ರಾಯಿಂಗ್ ಆಫೀಸಿನ ಮಾತನ್ನು ನಾನು ನಂಬುವುದಿಲ್ಲ. ಲೋಹದ ಬಲ ಅಳೆಯಲು ಅದು ಸರಿ. ಹಿಗ್ಗುವಿಕೆಗೂ ಅದನ್ನೇ ಹಾಕಿದರೆ, ಒಂದೇ ಲೋಹದ ಶೆಲ್ಲೂ ಕೊಳವೆಯೂ ಕಾಗದದ ಮೇಲೆ ಒಂದೇ ಸಮ ಹಿಗ್ಗಿ, ಇರುವ ಎಳೆದಾಟವೇ ಮಾಯವಾಗುತ್ತದೆ. ಹಿಗ್ಗುವಿಕೆಗೆ ಬೇಕಾದದ್ದು ಎರಡರ ನಿಜವಾದ ಸರಾಸರಿ ಬಿಸಿ. ಅದೂ ಓಡುವಾಗ, ಶುರುವಿನಲ್ಲಿ, ನಿಲ್ಲಿಸುವಾಗ ಬೇರೆ ಬೇರೆ.

ನಿರ್ವಾತ ಇರುವ ಗಳಿಗೆಯ ಬಿಸಿಯನ್ನೂ ಹೀಗೇ ಹುಡುಕಬೇಕು. ಆವಿ ಹಾಯಿಸಿ ತೊಳೆದು, ವಾಲ್ವುಗಳನ್ನೆಲ್ಲ ಮುಚ್ಚಿಬಿಟ್ಟರೆ, ಒಳಗಿನ ಆವಿ ತಣಿದಂತೆ ಪಂಪಿಲ್ಲದೆಯೂ ನಿರ್ವಾತ ಹುಟ್ಟುತ್ತದೆ. ಆದರೆ ಆವಿ 100 ಡಿಗ್ರಿಯಲ್ಲಿರುವಾಗ ನಿರ್ವಾತವೇ ಇಲ್ಲ. ಅದು 60ಕ್ಕೆ ಇಳಿದಾಗ ಒಳಗಿನ ಒತ್ತಡ ಹೊರಗಿನದರ ಐದನೇ ಒಂದು ಪಾಲು. ಪಂಪು ಎಳೆಯುತ್ತಿದ್ದರೆ ಲೆಕ್ಕವೇ ಬೇರೆ. ಕಾರ್ಖಾನೆಯಲ್ಲಿ ಯಾವ ವಾಲ್ವನ್ನು ಯಾವಾಗ ಮುಚ್ಚುತ್ತಾರೆ ಎಂದು ಆಪರೇಟರನ್ನೇ ಕೇಳದೆ ಇದು ಗೊತ್ತಾಗುವುದಿಲ್ಲ.